ಯೇಸುಸ್ವಾಮಿಗೆ ಮಗ್ಗಿ ಬರುತ್ತಿತ್ತೇ?

ಪ್ರಶ್ನೆ: ಹುಬ್ಬಳ್ಳಿಯ ನಮ್ಮ ಸಭೆಯ ಸಂಡೇ ಸ್ಕೂಲಿನಲ್ಲಿ ಏಳರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಪಾಠ ಹೇಳುತ್ತೇನೆ. ಈಚೆಗೆ ಮೂರನೆಯ ತರಗತಿಯ ಹುಡುಗನೊಬ್ಬ, "ಟೀಚರ್, ಯೇಸುಸ್ವಾಮಿ ಸಣ್ಣವನಿದ್ದಾಗ ಮಗ್ಗಿ ತಪ್ಪುತ್ತಿದ್ದನೇ?" ಎಂದು ಕೇಳಿದ. "ಆತ ದೇವರು, ಎಲ್ಲವೂ ಗೊತ್ತಿತ್ತು" ಎಂದೆ. "ಹಾಗಾದರೆ ಕಲಿಯುವುದೇ ಬೇಕಿರಲಿಲ್ಲ ಬಿಡಿ" ಎಂದು ಸುಮ್ಮನಾದ. ಇನ್ನೊಬ್ಬಳು, ಬಾಲ ಯೇಸು ಮಣ್ಣಿನ ಗುಬ್ಬಿ ಮಾಡಿ ಹಾರಿಬಿಟ್ಟ ವಿಡಿಯೊವನ್ನು ಮೊಬೈಲ್‌ನಲ್ಲಿ ನೋಡಿದ್ದಾಗಿ ಹೇಳಿದಳು. ಅದು ಸತ್ಯವೇದದಲ್ಲಿ ಇದೆಯೇ? ಯೇಸುವಿನ ಮನುಷ್ಯತನದ ಬಗ್ಗೆ ಮಕ್ಕಳ ಮುಂದೆ ಹೆಚ್ಚು ಮಾತನಾಡಿದರೆ ಭಕ್ತಿ ಕಡಿಮೆಯಾಗುತ್ತದೆ ಎಂದು ಸಭೆಯ ಹಿರಿಯರೊಬ್ಬರು ಎಚ್ಚರಿಸಿದ್ದಾರೆ. ಏನು ಹೇಳಲಿ, ಎಷ್ಟು ಹೇಳಲಿ? ಈ ವರ್ಷದ ಮಕ್ಕಳ ನಾಟಕದಲ್ಲಿ ಯೇಸುವಿನ ಬಾಲ್ಯದ ಒಂದು ದೃಶ್ಯವನ್ನು ಸೇರಿಸುವ ಆಸೆಯೂ ಇದೆ.

ಉತ್ತರ: ಸಹೋದರಿ, ಮೊದಲು ಆ ಹುಡುಗನಿಗೆ ಉತ್ತರ ಕೊಟ್ಟುಬಿಡೋಣ. ಮುಂದಿನ ಭಾನುವಾರ ಅವನನ್ನು ಕರೆದು ಹೀಗೆ ಹೇಳಿ: "ಯೇಸು ಎಲ್ಲವನ್ನೂ ಕಲಿತುಕೊಂಡೇ ಹುಟ್ಟಲಿಲ್ಲ. ನಡೆಯುವುದನ್ನು ಕಲಿತ, ಮಾತನಾಡುವುದನ್ನು ಕಲಿತ, ಓದುವುದನ್ನು ಕಲಿತ, ಲೆಕ್ಕವನ್ನೂ ಕಲಿತ." ಇದಕ್ಕೆ ಆಧಾರ ಲೂಕನ ಸುವಾರ್ತೆಯ ಎರಡನೆಯ ಅಧ್ಯಾಯ. ಅಲ್ಲಿ 40ನೆಯ ವಚನ ಮಗು ಬೆಳೆದು ಬಲಗೊಂಡಿತು ಎನ್ನುತ್ತದೆ. 52ನೆಯ ವಚನ ಯೇಸು ಜ್ಞಾನದಲ್ಲಿಯೂ ಮೈಕಟ್ಟಿನಲ್ಲಿಯೂ ಬೆಳೆಯುತ್ತ ಹೋದ ಎನ್ನುತ್ತದೆ. ಜ್ಞಾನದಲ್ಲಿ ಬೆಳೆಯಬೇಕಾದರೆ ನಿನ್ನೆ ತಿಳಿಯದಿದ್ದದ್ದು ಇಂದು ತಿಳಿಯಬೇಕು. ಐದನೆಯ ವಯಸ್ಸಿನಲ್ಲಿ ಗೊತ್ತಿಲ್ಲದ ಎಷ್ಟೋ ಸಂಗತಿ ಹತ್ತನೆಯ ವಯಸ್ಸಿನಲ್ಲಿ ಆತನಿಗೆ ಗೊತ್ತಿತ್ತು. ಹತ್ತನೆಯ ವಯಸ್ಸಿನಲ್ಲಿ ಗೊತ್ತಿಲ್ಲದ್ದೂ ಬೇಕಾದಷ್ಟಿತ್ತು. ಲೂಕನು ಇದನ್ನು ಮುಚ್ಚಿಡಲಿಲ್ಲ, ನಾವೇಕೆ ಮುಚ್ಚಿಡಬೇಕು?

ನಮ್ಮ ಪಾಠಗಳಲ್ಲಿ ಒಂದು ವಿಚಿತ್ರವಿದೆ. ಡಿಸೆಂಬರ್‌ನಲ್ಲಿ ಗೋದಲಿ ಕಟ್ಟುತ್ತೇವೆ, ಮನೆಯ ಮುಂದೆ ನಕ್ಷತ್ರ ತೂಗುಹಾಕುತ್ತೇವೆ, ಕೂಸು ಹುಟ್ಟುತ್ತದೆ. ಜನವರಿಯಲ್ಲಿ ನಕ್ಷತ್ರ ಅಟ್ಟಕ್ಕೆ ಹೋಗುತ್ತದೆ. ಮಾರ್ಚ್, ಏಪ್ರಿಲ್ ಹೊತ್ತಿಗೆ ಅದೇ ಕೂಸು ಗಡ್ಡಧಾರಿಯಾಗಿ ಶಿಲುಬೆ ಹೊತ್ತು ನಡೆಯುತ್ತಿರುತ್ತದೆ. ಸುಮಾರು ಮೂವತ್ತು ವರ್ಷ ವಯಸ್ಸಾಗಿದ್ದಾಗ ಯೇಸು ಬೋಧನೆ ಆರಂಭಿಸಿದನೆಂದು ಲೂಕ ಬರೆದಿದ್ದಾನೆ. ಆ ಮೂವತ್ತು ವರ್ಷ ನಮ್ಮ ಮಕ್ಕಳ ಪಾಲಿಗೆ ಇಲ್ಲವೇ ಇಲ್ಲ. ಎಂಟು ವರ್ಷದ ಮಗುವಿಗೆ ಎಂಟು ವರ್ಷದ ಯೇಸುವನ್ನು ಯಾರೂ ಪರಿಚಯಿಸುವುದಿಲ್ಲ.

ಸುವಾರ್ತೆಗಳೂ ಹೆಚ್ಚು ಹೇಳುವುದಿಲ್ಲ, ನಿಜ. ಮಾರ್ಕನು ನೇರವಾಗಿ ಸ್ನಾನಿಕನಾದ ಯೋಹಾನನಿಂದಲೂ ಯೇಸುವಿನ ದೀಕ್ಷಾಸ್ನಾನದಿಂದಲೂ ಆರಂಭಿಸುತ್ತಾನೆ. ಯೋಹಾನನ ಸುವಾರ್ತೆಯಲ್ಲಿ ಬಾಲ್ಯದ ಸುದ್ದಿಯಿಲ್ಲ. ಮತ್ತಾಯನು ಜೋಯಿಸರು, ಹೆರೋದನ ಕ್ರೌರ್ಯ, ಐಗುಪ್ತಕ್ಕೆ ಓಡಿಹೋದದ್ದು, ನಜರೇತಿಗೆ ಬಂದು ನೆಲೆಸಿದ್ದು, ಇಷ್ಟನ್ನು ಹೇಳಿ ಮುಗಿಸುತ್ತಾನೆ. ಲೂಕನಲ್ಲಿ ಹುಟ್ಟು, ಎಂಟನೆಯ ದಿನ ಸುನ್ನತಿ ಮತ್ತು ನಾಮಕರಣ, ದೇವಾಲಯಕ್ಕೆ ಕೂಸನ್ನು ಒಯ್ದದ್ದು, ಆಮೇಲೆ ಹನ್ನೆರಡನೆಯ ವಯಸ್ಸಿನ ಒಂದು ಪ್ರಸಂಗ. ದೇವಾಲಯದಲ್ಲಿ ತಂದೆತಾಯಿ ಕೊಟ್ಟ ಕಾಣಿಕೆಯನ್ನು ಮಕ್ಕಳಿಗೆ ಮರೆಯದೆ ಹೇಳಿ. ಮೋಶೆಯ ಧರ್ಮಶಾಸ್ತ್ರದ ಪ್ರಕಾರ ಒಂದು ಕುರಿ ಮತ್ತು ಒಂದು ಹಕ್ಕಿ ಕೊಡಬೇಕು. ಕುರಿ ಕೊಳ್ಳಲು ಶಕ್ತಿಯಿಲ್ಲದವರು ಎರಡು ಹಕ್ಕಿ ಕೊಟ್ಟರೆ ಸಾಕು. ಲೂಕನು ಈ ಮನೆಯವರ ಹೆಸರಿನಲ್ಲಿ ಕುರಿಯ ಮಾತೆತ್ತುವುದಿಲ್ಲ, ಬರೀ ಎರಡು ಹಕ್ಕಿ. ನಿಮ್ಮ ತರಗತಿಯಲ್ಲಿ ಹಬ್ಬಕ್ಕೆ ಹೊಸ ಬಟ್ಟೆ ಸಿಗದ ಮಕ್ಕಳಿದ್ದರೆ, ಅವರಿಗೆ ಈ ಒಂದು ವಿವರ ಜೋಯಿಸರ ಚಿನ್ನಕ್ಕಿಂತ ಬೇಗ ಮನಸ್ಸಿಗೆ ಹತ್ತುತ್ತದೆ.

ಇನ್ನು ನಿಮ್ಮ ಸಭೆಯ ಹಿರಿಯರ ಆತಂಕ. ಅವರ ಭಕ್ತಿಯ ಬಗ್ಗೆ ನನಗೆ ಗೌರವವಿದೆ. ಆದರೆ ಅವರು ಕಾಯಲು ಹೊರಟಿರುವುದು ಸಭೆಯ ನಂಬಿಕೆಯನ್ನಲ್ಲ. ಸಭೆ ಹದಿನಾರು ಶತಮಾನಗಳ ಹಿಂದೆಯೇ ಬೇಡವೆಂದ ಒಂದು ವಿಚಾರವನ್ನು. ನಾಲ್ಕನೆಯ ಶತಮಾನದಲ್ಲಿ ಅಪೊಲಿನಾರಿಯಸ್ ಎಂಬ ಬಿಷಪರಿದ್ದರು. ಯೇಸುವಿಗೆ ಮನುಷ್ಯನ ಮೈ ಇತ್ತು, ಮನುಷ್ಯನ ಮನಸ್ಸಿರಲಿಲ್ಲ, ಮನಸ್ಸಿನ ಜಾಗದಲ್ಲಿ ದೇವರ ವಾಕ್ಯವೇ ಇತ್ತು ಎಂದು ಅವರು ಕಲಿಸಿದರು. ಭಕ್ತಿಯಿಂದಲೇ ಹಾಗೆ ಹೇಳಿದರು. 381ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಸೇರಿದ ಮಹಾಸಭೆ ಅದನ್ನು ತಳ್ಳಿಹಾಕಿತು. ಕ್ರಿಸ್ತನು ನಮ್ಮಲ್ಲಿನ ಯಾವುದನ್ನು ತನ್ನದಾಗಿ ಮಾಡಿಕೊಳ್ಳಲಿಲ್ಲವೋ ಅದು ವಾಸಿಯಾಗದೆ ಉಳಿಯುತ್ತದೆ ಎಂಬುದು ಅದೇ ಕಾಲದ ಇನ್ನೊಬ್ಬ ಬಿಷಪರಾದ ನಾಜಿಯಾಂಜಸ್‌ನ ಗ್ರೆಗೊರಿಯವರ ವಾದವಾಗಿತ್ತು. 451ರಲ್ಲಿ ಕಾಲ್ಸೆಡಾನ್ ಮಹಾಸಭೆ ಯೇಸು ಪೂರ್ಣವಾಗಿ ದೇವರು, ಪೂರ್ಣವಾಗಿ ಮನುಷ್ಯ ಎಂದು ಬರೆದಿಟ್ಟಿತು. ಪೂರ್ಣ ಮನುಷ್ಯ ಎಂದಮೇಲೆ ಪೂರ್ಣ ಮಗು ಎಂದೂ ಆಯಿತಲ್ಲ. ಹಿರಿಯರಿಗೆ ಇತಿಹಾಸ ಬೇಡವೆನಿಸಿದರೆ ಇಬ್ರಿಯರಿಗೆ ಬರೆದ ಪತ್ರವನ್ನು ತೆರೆದು ತೋರಿಸಿ. ಎರಡನೆಯ ಅಧ್ಯಾಯ, ಆತನು ಎಲ್ಲ ವಿಷಯಗಳಲ್ಲಿಯೂ ತನ್ನ ಸಹೋದರರಿಗೆ ಸಮಾನನಾಗಬೇಕಾಯಿತು ಎನ್ನುತ್ತದೆ. ಐದನೆಯ ಅಧ್ಯಾಯ, ಮಗನಾಗಿದ್ದರೂ ಆತ ಕಷ್ಟಗಳಿಂದ ವಿಧೇಯತೆಯನ್ನು ಕಲಿತ ಎನ್ನುತ್ತದೆ.

ಮಕ್ಕಳಿಗೆ ಈ ಮಹಾಸಭೆಗಳ ಹೆಸರು ಬೇಡ. ಅವರಿಗೆ ಒಂದು ವಾಕ್ಯ ಸಾಕು: ಯೇಸು ನಿಜವಾಗಿಯೇ ಮಗುವಾದ, ಮಗುವಿನ ಪಾತ್ರ ಮಾಡಲಿಲ್ಲ. ತೊಟ್ಟಿಲಲ್ಲಿ ಮಲಗಿ, ಎಲ್ಲ ಗೊತ್ತಿದ್ದೂ ಗೊತ್ತಿಲ್ಲದವನಂತೆ ನಟಿಸುವ ಕೂಸನ್ನು ಮಕ್ಕಳು ಒಪ್ಪುವುದಿಲ್ಲ. ದೊಡ್ಡವರ ನಟನೆಯನ್ನು ಅವರು ದಿನವೂ ನೋಡುತ್ತಾರೆ, ಚೆನ್ನಾಗಿ ಗುರುತಿಸುತ್ತಾರೆ. ಬಾಲ ಯೇಸು ಅಳುತ್ತಲೇ ಇರಲಿಲ್ಲ ಎಂದು ಕೆಲವರು ಹೇಳಿಕೊಡುತ್ತಾರೆ. ಹುಟ್ಟಿದ ಕೂಸು ಅಳದಿದ್ದರೆ ಸೂಲಗಿತ್ತಿಯ ಜೀವ ಹಾರಿಹೋಗುತ್ತದೆ! ಅತ್ತಿತು, ಹಾಲು ಕುಡಿಯಿತು, ಹಲ್ಲು ಬರುವಾಗ ರಚ್ಚೆ ಹಿಡಿಯಿತು ಎಂದು ಧೈರ್ಯವಾಗಿ ಹೇಳಿ.

ಇಲ್ಲಿ ಜಾಣ ಮಗುವೊಂದು ನಿಮ್ಮನ್ನು ಹಿಡಿಯುತ್ತದೆ: "ಯೇಸು ಪಾಪ ಮಾಡಲಿಲ್ಲ ಅಂದಿರಿ, ಲೆಕ್ಕ ತಪ್ಪಿದರೆ?" ಆತ ನಮ್ಮಂತೆಯೇ ಎಲ್ಲ ರೀತಿಯಲ್ಲಿಯೂ ಶೋಧಿತನಾದರೂ ಪಾಪರಹಿತನಾಗಿದ್ದ ಎಂಬುದು ಅದೇ ಇಬ್ರಿಯ ಪತ್ರದ ನಾಲ್ಕನೆಯ ಅಧ್ಯಾಯದ ಮಾತು. ಆದರೆ ಲೆಕ್ಕ ತಪ್ಪುವುದು ಪಾಪವಲ್ಲ. ಓಡುವಾಗ ಎಡವುವುದು, ನೀರಿನ ಕೊಡ ಜಾರಿ ಒಡೆಯುವುದು, ಓದುವಾಗ ಒಂದು ಅಕ್ಷರ ಬಿಟ್ಟುಹೋಗುವುದು, ಇವು ಯಾವುವೂ ಪಾಪವಲ್ಲ. ಸುಳ್ಳು ಹೇಳುವುದು, ತಮ್ಮನನ್ನು ದ್ವೇಷಿಸುವುದು, ಇನ್ನೊಬ್ಬನ ಅನ್ನ ಕಸಿಯುವುದು ಬೇರೆ ಮಾತು. ಈ ಗೆರೆಯನ್ನು ಮಕ್ಕಳಿಗೆ ಸ್ಪಷ್ಟವಾಗಿ ಎಳೆದು ತೋರಿಸಿ. ಅಂಕ ಕಡಿಮೆ ಬಂದರೆ ಮಹಾಪಾತಕ ನಡೆದಂತೆ ನೋಡುವ ಮನೆಗಳು ಧಾರವಾಡದಲ್ಲಿ ಎಷ್ಟಿವೆಯೋ ನಿಮಗೇ ಗೊತ್ತು. ಊರು ತುಂಬ ಕೋಚಿಂಗ್ ಕ್ಲಾಸುಗಳು. ಅಂಥ ಮನೆಯ ಮಗುವಿಗೆ, ಗೊತ್ತಿಲ್ಲದಿರುವುದು ತಪ್ಪಲ್ಲ, ಯೇಸುವಿಗೂ ಎಷ್ಟೋ ಗೊತ್ತಿರಲಿಲ್ಲ ಎಂಬುದು ನಿಜಕ್ಕೂ ಸುವಾರ್ತೆ. ದೊಡ್ಡವನಾದ ಮೇಲೂ ಆತ, ಕೊನೆಯ ದಿನ ಯಾವುದೆಂದು ತಂದೆಗೆ ಗೊತ್ತು, ಮಗನಿಗೂ ಗೊತ್ತಿಲ್ಲ ಎಂದು ಹೇಳಿದ್ದನ್ನು ಮಾರ್ಕನು ತನ್ನ ಸುವಾರ್ತೆಯ 13ನೆಯ ಅಧ್ಯಾಯದಲ್ಲಿ ದಾಖಲಿಸಿದ್ದಾನೆ.

ಮಣ್ಣಿನ ಗುಬ್ಬಿಯ ಕತೆಗೆ ಬರೋಣ. ಅದು ನಮ್ಮ ನಾಲ್ಕು ಸುವಾರ್ತೆಗಳಲ್ಲಿ ಇಲ್ಲ. ತೋಮನ ಬಾಲ್ಯಸುವಾರ್ತೆ ಎಂದು ಕರೆಯುವ ಒಂದು ಹಳೆಯ ಬರಹದಲ್ಲಿದೆ. ಅದು ಎರಡನೆಯ ಶತಮಾನದ್ದೆಂದು ವಿದ್ವಾಂಸರು ಸಾಮಾನ್ಯವಾಗಿ ಹೇಳುತ್ತಾರೆ. ಸಭೆ ಅದನ್ನು ಸತ್ಯವೇದಕ್ಕೆ ಸೇರಿಸಲಿಲ್ಲ. ಕತೆ ಹೀಗಿದೆ: ಐದು ವರ್ಷದ ಯೇಸು ಹರಿಯುವ ನೀರಿನ ಬಳಿ ಆಡುತ್ತ, ಮೆತ್ತನೆಯ ಮಣ್ಣು ಕಲಸಿ ಹನ್ನೆರಡು ಗುಬ್ಬಿ ಮಾಡುತ್ತಾನೆ. ಅದು ಯಾವ ಕೆಲಸವನ್ನೂ ಮಾಡಬಾರದ ಸಬ್ಬತ್ ದಿನ. ಯಾರೋ ಹೋಗಿ ಯೋಸೇಫನಿಗೆ ದೂರು ಹೇಳುತ್ತಾರೆ. ಅಪ್ಪ ಬಂದು ಗದರುತ್ತಾನೆ. ಹುಡುಗ ಚಪ್ಪಾಳೆ ತಟ್ಟಿದೊಡನೆ ಗುಬ್ಬಿಗಳು ಚಿಲಿಪಿಲಿ ಎನ್ನುತ್ತ ಹಾರಿಹೋಗುತ್ತವೆ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಿ ಕೈಯೆಲ್ಲ ಮಣ್ಣು ಮಾಡಿಕೊಳ್ಳುವ ನಮ್ಮ ಕಡೆಯ ಮಕ್ಕಳಿಗೆ ಈ ಕತೆ ಥಟ್ಟನೆ ಹಿಡಿಸುವುದರಲ್ಲಿ ಆಶ್ಚರ್ಯವಿಲ್ಲ. ವಿಡಿಯೊ ಮಾಡುವವರು ಇಲ್ಲಿಗೆ ನಿಲ್ಲಿಸುತ್ತಾರೆ. ಮುಂದೆ ಓದಿದರೆ ಗಾಬರಿಯಾಗುತ್ತದೆ. ತಾನು ಕಟ್ಟಿ ನಿಲ್ಲಿಸಿದ ನೀರನ್ನು ಹರಿಯಬಿಟ್ಟ ಹುಡುಗನನ್ನು ಈ ಬಾಲಕ ಒಣಗಿದ ಮರದಂತೆ ಮಾಡುತ್ತಾನೆ. ಭುಜಕ್ಕೆ ಡಿಕ್ಕಿ ಹೊಡೆದ ಇನ್ನೊಬ್ಬ ಅಲ್ಲೇ ಸಾಯುತ್ತಾನೆ. ಅಕ್ಷರ ಕಲಿಸಲು ಬಂದ ಗುರುವಿಗೇ ಬುದ್ಧಿ ಹೇಳಿ ಅವಮಾನ ಮಾಡುತ್ತಾನೆ. ತಲೆಗೆ ಹೊಡೆದ ಮತ್ತೊಬ್ಬ ಗುರು ಪ್ರಜ್ಞೆತಪ್ಪಿ ಬೀಳುತ್ತಾನೆ.

ಇದನ್ನು ಬರೆದವರು ಯೇಸುವನ್ನು ಸಣ್ಣವನನ್ನಾಗಿ ಮಾಡಬೇಕೆಂದು ಬರೆಯಲಿಲ್ಲ, ದೊಡ್ಡವನನ್ನಾಗಿ ಮಾಡಬೇಕೆಂದೇ ಬರೆದರು. ಆದರೆ ಶಕ್ತಿಯೆಲ್ಲ ಇದ್ದು ಬುದ್ಧಿ ಬೆಳೆಯದ ಹುಡುಗನೊಬ್ಬ ಹುಟ್ಟಿಕೊಂಡ. ಕಲಿಯಬೇಕಿಲ್ಲದ ಮಗುವನ್ನು ಕಲ್ಪಿಸಿಕೊಂಡರೆ ಆಗುವುದೇ ಇದು. ಈ ಗುರು-ಅಕ್ಷರದ ಕತೆಯನ್ನು ಐರಿನೇಯಸ್ ಎಂಬ ಬಿಷಪರು ಸುಮಾರು 180ರಲ್ಲಿಯೇ ಕಟ್ಟುಕತೆಯೆಂದು ಖಂಡಿಸಿದರು. ಹನ್ನೊಂದು, ಹನ್ನೆರಡು ವರ್ಷದ ಮಕ್ಕಳಿಗೆ ಇಡೀ ಕತೆಯನ್ನು ಹೇಳಿ, "ಈ ಹುಡುಗ ಲೂಕನ ಹುಡುಗನಂತಿದ್ದಾನೆಯೇ?" ಎಂದು ಕೇಳಿ ನೋಡಿ. ಅವರು ಐರಿನೇಯಸ್‌ಗಿಂತ ಖಾರವಾಗಿ ಉತ್ತರಿಸುತ್ತಾರೆ.

ಒಂದು ಎಚ್ಚರಿಕೆ ಮಾತ್ರ ಬೇಕು. ಮಣ್ಣಿನ ಹಕ್ಕಿಗೆ ದೇವರ ಅಪ್ಪಣೆಯಿಂದ ಜೀವ ಬಂದ ಸಂಗತಿ ಕುರ್‌ಆನ್‌ನ ಮೂರನೆಯ ಮತ್ತು ಐದನೆಯ ಅಧ್ಯಾಯಗಳಲ್ಲಿಯೂ ಇದೆ. ಆದರೆ ಅಲ್ಲಿ ಈ ಸಾಯಿಸುವ, ಒಣಗಿಸುವ ಪ್ರಸಂಗಗಳಿಲ್ಲ. ಹುಬ್ಬಳ್ಳಿಯ ಶಾಲೆಯಲ್ಲಿ ನಿಮ್ಮ ಮಕ್ಕಳ ಪಕ್ಕದ ಬೆಂಚಿನಲ್ಲಿ ಕುಳಿತ ಗೆಳೆಯ, ಗೆಳತಿಗೆ ಅದು ಧರ್ಮಗ್ರಂಥದ ಮಾತು. ಆದ್ದರಿಂದ "ಸುಳ್ಳು ಕತೆ" ಎಂದು ಹೇಳಿ ಕಳಿಸಬೇಡಿ. "ನಮ್ಮ ಸುವಾರ್ತೆಗಳಲ್ಲಿ ಇದು ಬರುವುದಿಲ್ಲ, ಅವರ ಗ್ರಂಥದಲ್ಲಿ ಬರುತ್ತದೆ, ಅವರು ಮರಿಯಳನ್ನೂ ಯೇಸುವನ್ನೂ ತುಂಬ ಗೌರವಿಸುತ್ತಾರೆ" ಎಂದರೆ ಮುಗಿಯಿತು.

ಬಾಲಕೃಷ್ಣನ ವಿಷಯದಲ್ಲಿಯೂ ಇದೇ ನಯ ಇರಲಿ. ನಮ್ಮ ಮಕ್ಕಳು ಬೆಣ್ಣೆ ಕದ್ದ ಕೃಷ್ಣ, ಬಾಯಲ್ಲಿ ಬ್ರಹ್ಮಾಂಡ ತೋರಿದ ಕೃಷ್ಣ, ಹಾವಿನ ಹೆಡೆಯ ಮೇಲೆ ಕುಣಿದ ಕೃಷ್ಣ ಎಂದು ಕೇಳುತ್ತಲೇ ಬೆಳೆಯುತ್ತಾರೆ. ಕುಮಾರವ್ಯಾಸನ ಗದಗದಲ್ಲಿ ಬೆಳೆದವರಿಗೆ ಕೃಷ್ಣ ಮನೆಯವನೇ. ಹಾಗಾಗಿ ಯೇಸುವಿನ ಬಾಲಲೀಲೆ ಯಾವುದು ಎಂದು ಅವರು ಕೇಳುವುದು ಸಹಜ. ಲೀಲೆ ಇಲ್ಲ ಎಂದು ನಾಚಿಕೊಳ್ಳಬೇಕಿಲ್ಲ, ಅವರ ಕತೆ ಕೀಳು, ನಮ್ಮದು ಮೇಲು ಎಂದು ತೂಗುವುದೂ ಬೇಡ. ಲೀಲೆಯ ಸೊಗಸು ಇರುವುದು ಮಗು ದೇವರೆಂಬುದು ಆಗಾಗ ಹೊರಬೀಳುವುದರಲ್ಲಿ. ನಜರೇತಿನಲ್ಲಿ ಅದು ಹೊರಬೀಳಲಿಲ್ಲ. ಎಷ್ಟರಮಟ್ಟಿಗೆ ಎಂದರೆ ದೊಡ್ಡವನಾದ ಯೇಸು ಊರಿಗೆ ಮರಳಿ ಬೋಧಿಸಿದಾಗ ಊರವರು, "ಇವನು ನಮ್ಮ ಬಡಗಿಯಲ್ಲವೇ, ಮರಿಯಳ ಮಗನಲ್ಲವೇ, ಇವನ ತಮ್ಮಂದಿರು, ತಂಗಿಯರು ಇಲ್ಲೇ ಇದ್ದಾರಲ್ಲ" ಎಂದು ಬೆರಗಾದರು. ಮಾರ್ಕನ ಆರನೆಯ ಅಧ್ಯಾಯವನ್ನು ಓದಿ. ಗುಬ್ಬಿ ಹಾರಿಸಿದ, ಮಕ್ಕಳನ್ನು ಒಣಗಿಸಿದ ಹುಡುಗ ಆ ಊರಿನಲ್ಲಿ ಬೆಳೆದಿದ್ದರೆ ಯಾರಾದರೂ ಹೀಗೆ ಬೆರಗಾಗುತ್ತಿದ್ದರೇ? ಸುವಾರ್ತೆಗಳ ಮೌನಕ್ಕೆ ನನಗೆ ತೋರುವ ಕಾರಣ ಇದೇ. ಬರೆದಿಡುವಂಥದ್ದೇನೂ ಊರಿನ ಕಣ್ಣಿಗೆ ಬೀಳಲಿಲ್ಲ.

ಹಾಗಾದರೆ ಆ ಮೌನವನ್ನು ಏನು ಹೇಳಿ ತುಂಬಬೇಕು? ಊರನ್ನು ತೋರಿಸಿ. ನಜರೇತು ಗಲಿಲಾಯದ ಗುಡ್ಡಗಳ ನಡುವಿನ ಸಣ್ಣ ಹಳ್ಳಿ. ಆಗ ಕೆಲವು ನೂರು ಜನರಷ್ಟೇ ಇದ್ದರೆಂದು ಪುರಾತತ್ತ್ವಜ್ಞರ ಅಂದಾಜು. ಹಳೆಯ ಒಡಂಬಡಿಕೆಯಲ್ಲಿ ಅದರ ಹೆಸರೇ ಇಲ್ಲ. "ನಜರೇತಿನಿಂದ ಒಳ್ಳೆಯದೇನಾದರೂ ಬಂದೀತೇ" ಎಂದು ನತಾನಯೇಲ ಮೂಗು ಮುರಿದದ್ದನ್ನು ಯೋಹಾನನು ಬರೆದಿದ್ದಾನೆ. ಅಲ್ಲಿ ಅಗೆದಾಗ ಸುಣ್ಣಕಲ್ಲಿನ ಗವಿಗಳಿಗೆ ಆತುಕೊಂಡ ಮನೆಗಳು, ಮಳೆನೀರಿನ ತೊಟ್ಟಿಗಳು, ಎಣ್ಣೆ ಮತ್ತು ದ್ರಾಕ್ಷಾರಸ ತೆಗೆಯುವ ಗಾಣಗಳು, ಬಂಡೆಯಲ್ಲಿ ಕೊರೆದ ಧಾನ್ಯದ ಕುಣಿಗಳು ಸಿಕ್ಕಿವೆ. ಕುಣಿ ಎಂದರೆ ಮಕ್ಕಳಿಗೆ ಅರ್ಥವಾಗದಿದ್ದರೆ, ಗದಗ ಸೀಮೆಯಲ್ಲಿ ಜೋಳ ತುಂಬಿಡುತ್ತಿದ್ದ ಹಗೇವಿನ ಬಗ್ಗೆ ಅಜ್ಜನನ್ನು ಕೇಳಿಕೊಂಡು ಬರಲು ಹೇಳಿ. ಜವೆಯ ರೊಟ್ಟಿ, ಆಲಿವ್, ಅಂಜೂರ, ಬೇಳೆ ಊಟ. ಹೆಂಗಸರು ಬೆಳಗಾಗುತ್ತಲೇ ಬೀಸುವ ಕಲ್ಲಿನ ಮುಂದೆ. ಇಷ್ಟು ಹೇಳಿದರೆ ಸಾಕು, ನಮ್ಮ ಹಳ್ಳಿಗಳಿಂದ ಬಂದ ಮಕ್ಕಳು ಉಳಿದದ್ದನ್ನು ತಾವೇ ಕಟ್ಟಿಕೊಳ್ಳುತ್ತಾರೆ.

ಸಾಧ್ಯವಾದರೆ ಮಕ್ಕಳನ್ನು ಒಬ್ಬ ಬಡಿಗೇರರ ಕಮ್ಮಟಕ್ಕೆ ಕರೆದುಕೊಂಡು ಹೋಗಿ. ಪ್ಲೈವುಡ್ ಕತ್ತರಿಸುವ ಅಂಗಡಿಯಲ್ಲ. ಹಾವೇರಿ ಕಡೆಯ ಹಳ್ಳಿಗಳಲ್ಲಿ ಇನ್ನೂ ಕೂರಿಗೆ, ಕುಂಟೆ, ನೊಗ ಮಾಡುವವರು ಇದ್ದಾರೆ, ಅಲ್ಲಿಗೆ. ಯೇಸು ನೇಗಿಲು, ನೊಗ ಮಾಡುತ್ತಿದ್ದನೆಂದು ಎರಡನೆಯ ಶತಮಾನದ ಜಸ್ಟಿನ್ ಎಂಬ ಕ್ರೈಸ್ತ ಲೇಖಕರು ಬರೆದಿದ್ದಾರೆ. ನೊಗ ಮಾಡುವುದನ್ನು ಮಕ್ಕಳು ಹತ್ತಿರ ನಿಂತು ನೋಡಲಿ. ತೊಲೆಯನ್ನು ಬಾಚಿಯಿಂದ ಕೆತ್ತಿ ಆಕಾರಕ್ಕೆ ತರುವುದು ಅರ್ಧ ಕೆಲಸ ಮಾತ್ರ. ಎತ್ತಿನ ಹೆಗಲ ಮೇಲೆ ಕೂರುವ ಜಾಗವನ್ನು ಮತ್ತೆ ಮತ್ತೆ ಕೀಸಿ, ಅಂಗೈಯಿಂದ ಸವರಿ, ಎಲ್ಲಾದರೂ ಗಂಟು ಅಥವಾ ಸೀಳು ಉಳಿದಿದೆಯೇ ಎಂದು ನೋಡುತ್ತಾರೆ. ಉಳಿದರೆ ಎತ್ತಿನ ಹೆಗಲು ಬಾವು ಬರುತ್ತದೆ, ಹುಣ್ಣಾಗುತ್ತದೆ, ಬಿತ್ತನೆಯ ಹೊತ್ತಿಗೆ ರೈತ ಬಂದು ಬಡಿಗೇರನನ್ನು ಬೈಯುತ್ತಾನೆ. ಅಲ್ಲಿಯೇ ನಿಂತು ಮತ್ತಾಯನ 11ನೆಯ ಅಧ್ಯಾಯದ ಕೊನೆಯ ವಚನಗಳನ್ನು ಓದಿ: ನನ್ನ ನೊಗ ಹಿತವಾದದ್ದು, ನನ್ನ ಹೊರೆ ಹಗುರವಾದದ್ದು. ಅಂಗೈಯಿಂದ ಸವರಿ ನೋಡುವುದನ್ನು ಯೋಸೇಫನಿಂದ ಕಲಿತವನ ಮಾತು ಅದು ಎಂದು ನಾನು ಓದಿಕೊಳ್ಳುತ್ತೇನೆ. ಇದು ನನ್ನ ಊಹೆ, ವಚನದಲ್ಲಿಲ್ಲ. ಮಕ್ಕಳಿಗೂ ಊಹೆಯೆಂದೇ ಹೇಳಿ. ಸತ್ಯವೇದ ಹೇಳಿದ್ದು ಯಾವುದು, ಟೀಚರ್ ಊಹಿಸಿದ್ದು ಯಾವುದು ಎಂದು ಬೇರೆ ಮಾಡಿ ಹೇಳುವ ಅಭ್ಯಾಸ ನಿಮಗಿದ್ದರೆ, ನಾಳೆ ಮೊಬೈಲ್‌ನಲ್ಲಿ ಬಂದದ್ದನ್ನು ಅವರೂ ಹಾಗೆಯೇ ಬೇರೆ ಮಾಡುತ್ತಾರೆ.

ಊಹೆಗೆ ಗಟ್ಟಿ ನೆಲ ಬೇಕೆಂದರೆ ಸಾಮ್ಯಗಳನ್ನು ಹಿಂದುಮುಂದಾಗಿ ಓದಿ. ಸಂಡೇ ಸ್ಕೂಲ್ ಶಿಕ್ಷಕರ ತರಬೇತಿಗಳಲ್ಲಿ ನಾನು ಹೆಚ್ಚು ಹೊತ್ತು ಕಳೆಯುವುದು ಇದರಲ್ಲೇ. ದೊಡ್ಡವನಾಗಿ ಯೇಸು ಯಾವ ಯಾವ ವಸ್ತುಗಳನ್ನು ಉದಾಹರಣೆಗೆ ಎತ್ತಿಕೊಂಡ ಎಂದು ನೋಡಿದರೆ, ಆತ ಎಂಥ ಮನೆಯಲ್ಲಿ ಕಣ್ಣುಬಿಟ್ಟು ಕುಳಿತಿದ್ದ ಎಂಬುದು ಗೊತ್ತಾಗುತ್ತದೆ. ಹಿಟ್ಟಿಗೆ ಹುಳಿ ಕಲಸಿದರೆ ಅದು ಹೇಗೆ ಉಬ್ಬುತ್ತದೆ ಎಂಬುದು ಆತನಿಗೆ ಗೊತ್ತು. ಹಳೆಯ ಬಟ್ಟೆಗೆ ಹೊಸ ತುಂಡಿನ ತೇಪೆ ಹಾಕಿದರೆ ಹರಿಯುತ್ತದೆ ಎಂಬುದು ಗೊತ್ತು; ಆ ಮನೆಯಲ್ಲಿ ತೇಪೆ ಹಾಕುತ್ತಿದ್ದರು. ಬಿದ್ದ ಒಂದು ನಾಣ್ಯಕ್ಕಾಗಿ ದೀಪ ಹಚ್ಚಿ ಮನೆಯೆಲ್ಲ ಗುಡಿಸುವ ಹೆಂಗಸನ್ನು ಆತ ಬಲ್ಲ. ಸರಿರಾತ್ರಿ ನೆರೆಯವನು ಬಾಗಿಲು ತಟ್ಟಿದಾಗ "ಮಕ್ಕಳು ನನ್ನ ಜೊತೆ ಮಲಗಿದ್ದಾರೆ, ಏಳಲಾರೆ" ಎನ್ನುವ ಅಪ್ಪನನ್ನೂ ಬಲ್ಲ. ಒಂದೇ ಕೋಣೆಯಲ್ಲಿ ಸಾಲಾಗಿ ಮಲಗಿ ಬೆಳೆದವರಿಗೆ ಆ ಅಪ್ಪನ ಕಷ್ಟ ಬಿಡಿಸಿ ಹೇಳಬೇಕಿಲ್ಲ. ಒಂದು ಕಾಸಿಗೆ ಎರಡು ಗುಬ್ಬಿ ಎನ್ನುತ್ತಾನೆ ಮತ್ತಾಯನಲ್ಲಿ, ಎರಡು ಕಾಸಿಗೆ ಐದು ಎನ್ನುತ್ತಾನೆ ಲೂಕನಲ್ಲಿ. ಸಂತೆಯ ಲೆಕ್ಕ ಆತನಿಗೆ ಚೆನ್ನಾಗಿ ಬರುತ್ತಿತ್ತು. ನಿಮ್ಮ ಮಗ್ಗಿಯ ಹುಡುಗನಿಗೆ ಈ ಎರಡು ವಚನಗಳನ್ನು ಕೊಟ್ಟು, ಐದನೆಯ ಗುಬ್ಬಿ ಹೇಗೆ ಬಂತು ಎಂದು ಕೇಳಿ.

ಎಲ್ಲಕ್ಕಿಂತ ಹೆಚ್ಚಾಗಿ ಲೂಕನ ಏಳನೆಯ ಅಧ್ಯಾಯದ 32ನೆಯ ವಚನವನ್ನು ಬಿಡಬೇಡಿ. ಪೇಟೆಯ ಬಯಲಿನಲ್ಲಿ ಕುಳಿತ ಮಕ್ಕಳು ಒಬ್ಬರನ್ನೊಬ್ಬರು ದೂರುತ್ತಾರೆ: ನಾವು ಕೊಳಲೂದಿದೆವು, ನೀವು ಕುಣಿಯಲಿಲ್ಲ, ನಾವು ಗೋಳಾಡಿದೆವು, ನೀವು ಅಳಲಿಲ್ಲ. ಇದು ಆಟ. ಒಂದು ಗುಂಪು ಮದುವೆಯ ಆಟ ಹೂಡಿದೆ, ಇನ್ನೊಂದು ಗುಂಪು ಒಪ್ಪಿಲ್ಲ. ಸರಿ, ಸಾವಿನ ಆಟ ಆಡೋಣ ಎಂದರೆ ಅದಕ್ಕೂ ಮುಖ ತಿರುಗಿಸಿದ್ದಾರೆ. ದೊಡ್ಡವರು ಆಡುವುದನ್ನೆಲ್ಲ ಮಕ್ಕಳು ಆಟವಾಗಿ ಆಡುತ್ತಾರೆ, ಆಟಕ್ಕಿಂತ ಜಗಳಕ್ಕೇ ಹೆಚ್ಚು ಹೊತ್ತು ಹೋಗುತ್ತದೆ. ಇದನ್ನು ಆಡಿದವನಿಗೆ ಅಥವಾ ಬದಿಯಲ್ಲಿ ಕುಳಿತು ನೋಡಿದವನಿಗೆ ಮಾತ್ರ ಇಷ್ಟು ಸರಿಯಾಗಿ ನೆನಪಿರುತ್ತದೆ. ಗೊಂಬೆಯ ಮದುವೆ ಮಾಡಿ, ಬೀಗರು ಯಾರಾಗಬೇಕು ಎಂದು ಜಗಳವಾಡಿದ ಹುಡುಗಿಯರು ನಿಮ್ಮ ತರಗತಿಯಲ್ಲಿ ಇದ್ದೇ ಇರುತ್ತಾರೆ.

ಯೇಸು ಯೆಹೂದ್ಯರ ಹುಡುಗ ಎಂಬುದನ್ನೂ ನೇರವಾಗಿ ಹೇಳಿ. ಎಷ್ಟೋ ಮಕ್ಕಳು ಆತನನ್ನು ಕ್ರೈಸ್ತ ಎಂದೇ ತಿಳಿದಿರುತ್ತಾರೆ. ಆತ ಭಾನುವಾರ ಚರ್ಚಿಗೆ ಹೋಗಲಿಲ್ಲ, ಶನಿವಾರ ಸಭಾಮಂದಿರಕ್ಕೆ ಹೋದ. "ಇಸ್ರಾಯೇಲರೇ ಕೇಳಿರಿ" ಎಂದು ಆರಂಭವಾಗುವ ಧರ್ಮೋಪದೇಶಕಾಂಡದ ಪ್ರಾರ್ಥನೆ, ಕೀರ್ತನೆಗಳು, ಐಗುಪ್ತದಿಂದ ಬಿಡುಗಡೆಯಾದ ಕತೆ, ಇವುಗಳನ್ನು ಕೇಳಿ ಬೆಳೆದ. ನಜರೇತಿನ ಸಭಾಮಂದಿರದಲ್ಲಿ ಯೆಶಾಯನ ಸುರುಳಿಯನ್ನು ಓದಿದನೆಂದರೆ ಯಾರೋ ಓದಲು ಕಲಿಸಿದ್ದರು. ಮನೆಮಾತು ಅರಾಮಿಕ್. ನಮ್ಮ ಕಡೆ ಬಾಸೆಲ್ ಮಿಷನ್ 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಂತು. ಒಳ್ಳೆಯದು ಬಹಳ ಬಂತು. ಯುರೋಪಿನಿಂದ ಹೊಂಬಣ್ಣದ ಕೂದಲಿನ ಬಾಲ ಯೇಸುವಿನ ಚಿತ್ರಗಳೂ ಬಂದವು. ಕ್ಯಾಲೆಂಡರುಗಳಲ್ಲಿ ಇನ್ನೂ ಆತನೇ ಇದ್ದಾನೆ. ಆ ಚಿತ್ರವನ್ನು ಹರಿದುಹಾಕಬೇಕಿಲ್ಲ. ಬಿಸಿಲಿನ ಪಶ್ಚಿಮ ಏಷ್ಯಾದ ಹುಡುಗ ಹೀಗಿರಲು ಸಾಧ್ಯವೇ ಎಂದು ಕೇಳಿ, ಬಣ್ಣದ ಪೆನ್ಸಿಲ್ ಕೊಟ್ಟು, ತಮಗೆ ತೋಚಿದಂತೆ ಬರೆಯಲು ಬಿಡಿ.

ಹನ್ನೆರಡನೆಯ ವಯಸ್ಸಿನ ಪ್ರಸಂಗಕ್ಕೆ ಒಂದು ಇಡೀ ಭಾನುವಾರ ಇಡಿ. ಪಸ್ಕ ಹಬ್ಬಕ್ಕೆ ನಜರೇತಿನಿಂದ ಯೆರೂಸಲೇಮಿಗೆ ನಡೆದು ಹೋಗುವುದೆಂದರೆ ಧಾರವಾಡದಿಂದ ಹಾವೇರಿಗೆ ನಡೆದಷ್ಟು, ಬಳಸುದಾರಿ ಹಿಡಿದರೆ ಇನ್ನೂ ಹೆಚ್ಚು. ನಾಲ್ಕೈದು ದಿನದ ದಾರಿ, ಊರಿಗೆ ಊರೇ ಗುಂಪಾಗಿ ಹೊರಡುತ್ತಿತ್ತು. ಹಬ್ಬ ಮುಗಿಸಿ ಮರಳುವಾಗ ಹುಡುಗ ಯಾರಿಗೂ ಹೇಳದೆ ಹಿಂದೆ ಉಳಿದ. ತಂದೆತಾಯಿಗೆ ಒಂದು ಇಡೀ ದಿನ ಗೊತ್ತಾಗಲಿಲ್ಲ. ಅದು ಹೇಗೆ ಗೊತ್ತಾಗಲಿಲ್ಲ ಎಂದು ಪಟ್ಟಣದ ಮಕ್ಕಳು ಕೇಳುತ್ತಾರೆ. ಸಿದ್ಧಾರೂಢರ ಜಾತ್ರೆಗೆ ಎರಡು ಮೂರು ಮನೆಯವರು ಕೂಡಿ ಹೋದಾಗ ಏನಾಗುತ್ತದೆ? ದೊಡ್ಡಮ್ಮನ ಜೊತೆ ಇದ್ದಾನೆ ಎಂದು ಅವ್ವ, ಅವ್ವನ ಜೊತೆ ಇದ್ದಾನೆ ಎಂದು ದೊಡ್ಡಮ್ಮ. ಧ್ವನಿವರ್ಧಕದಲ್ಲಿ "ನೀಲಿ ಅಂಗಿ ತೊಟ್ಟ ಹುಡುಗ" ಎಂದು ಕೂಗಿದಾಗಲೇ ಎಲ್ಲರೂ ಎದೆ ಹಿಡಿದುಕೊಳ್ಳುವುದು. ಮರಿಯಳಿಗೆ ಧ್ವನಿವರ್ಧಕವೂ ಇರಲಿಲ್ಲ. ಮೂರು ದಿನದ ಮೇಲೆ ಸಿಕ್ಕ.

ಸಿಕ್ಕಾಗ ಏನು ಮಾಡುತ್ತಿದ್ದ? ಬೋಧಕರ ನಡುವೆ ಕುಳಿತು ಅವರ ಮಾತನ್ನು ಕೇಳುತ್ತಿದ್ದ, ಪ್ರಶ್ನೆಗಳನ್ನು ಹಾಕುತ್ತಿದ್ದ. ನಮ್ಮ ಚಿತ್ರಗಳಲ್ಲಿ ಹುಡುಗ ಎದ್ದು ನಿಂತು ಕೈ ಎತ್ತಿ ಪ್ರಸಂಗ ಮಾಡುತ್ತಿರುತ್ತಾನೆ, ಮುದುಕರು ಬಾಯಿ ತೆರೆದು ಕೇಳುತ್ತಿರುತ್ತಾರೆ. ಲೂಕನು ಬರೆದದ್ದು ಆ ಚಿತ್ರವಲ್ಲ. ಆತನ ಬುದ್ಧಿಗೂ ಉತ್ತರಗಳಿಗೂ ಅವರು ಬೆರಗಾದದ್ದು ಹೌದು, ಆದರೆ ಮೊದಲು ಬಂದದ್ದು ಕೇಳುವುದು, ಆಮೇಲೆ ಪ್ರಶ್ನೆ. ನಿಮ್ಮ ಮಕ್ಕಳಿಗೆ ಒಂದೊಂದು ಚೀಟಿ ಕೊಟ್ಟು, ದೇವರ ಬಗ್ಗೆ ಯಾರನ್ನೂ ಕೇಳಲು ಧೈರ್ಯವಾಗದ ಪ್ರಶ್ನೆಯನ್ನು ಹೆಸರಿಲ್ಲದೆ ಬರೆಸಿ. ಎಲ್ಲಕ್ಕೂ ಅಂದೇ ಉತ್ತರ ಕೊಡಲು ಹೋಗಬೇಡಿ.

ಇನ್ನು ತಾಯಿಮಗನ ಮಾತು. "ಮಗನೇ, ಯಾಕೆ ಹೀಗೆ ಮಾಡಿದೆ? ನಿನ್ನ ತಂದೆಯೂ ನಾನೂ ಎಷ್ಟು ಸಂಕಟಪಟ್ಟು ಹುಡುಕಿದೆವು" ಎನ್ನುವಳು ಮರಿಯಳು. ನಾನು ನನ್ನ ತಂದೆಯ ಮನೆಯಲ್ಲಿ ಇರಬೇಕಾದದ್ದು ನಿಮಗೆ ತಿಳಿಯದೇ ಹೋಯಿತೇ ಎನ್ನುವನು ಮಗ. ಆ ಮಾತು ಅವರಿಗೆ ಅರ್ಥವಾಗಲಿಲ್ಲ ಎಂದು ಲೂಕ ಬರೆಯುತ್ತಾನೆ. ಆಮೇಲೆ ಹುಡುಗ ಅವರ ಜೊತೆ ನಜರೇತಿಗೆ ಹೋಗಿ ಅವರಿಗೆ ಅಧೀನನಾಗಿದ್ದ. ನಮ್ಮ ಪ್ರಸಂಗಗಳಲ್ಲಿ ಈ ಕೊನೆಯ ವಾಕ್ಯವನ್ನು ಮಾತ್ರ ಕಿತ್ತು ಮಕ್ಕಳ ಬೆನ್ನಿಗೆ ಬಾರಿಸುತ್ತೇವೆ: ಯೇಸು ಎಷ್ಟು ವಿಧೇಯ, ನೀನು ನೋಡು. ಅದು ಕತೆಗೆ ಮಾಡುವ ಅನ್ಯಾಯ. ತಾಯಿಗೆ ನೋವಾಯಿತು, ಮಗನಿಗೆ ತನ್ನದೇ ಆದ ಕರೆ ಇತ್ತು, ಇಬ್ಬರೂ ಒಬ್ಬರನ್ನೊಬ್ಬರು ಪೂರ್ತಿ ಅರ್ಥ ಮಾಡಿಕೊಳ್ಳಲಿಲ್ಲ, ಆದರೂ ಕೂಡಿ ಮನೆಗೆ ನಡೆದರು. ಹನ್ನೆರಡು ವರ್ಷದ ಮಕ್ಕಳಿರುವ ಯಾವ ಮನೆಯಲ್ಲಿ ಇದು ನಡೆಯುವುದಿಲ್ಲ? ಹೇಳದೆ ಉಳಿದದ್ದು ತಪ್ಪಲ್ಲವೇ ಎಂದು ಮಕ್ಕಳು ಕೇಳಿದರೆ, ಮರಿಯಳೂ ಅದನ್ನೇ ಕೇಳಿದಳು ಎಂದು ಹೇಳಿ. "ಅವಳು ಹೊಡೆದಳೇ?" ಎಂಬ ಪ್ರಶ್ನೆಯೂ ಖಂಡಿತ ಬರುತ್ತದೆ. ಲೂಕನು ಅಂಥದ್ದೇನೂ ಬರೆದಿಲ್ಲ, ನೀವೂ ಸೇರಿಸಬೇಡಿ.

ಹೆರೋದನು ಬೆತ್ಲೆಹೇಮಿನ ಕೂಸುಗಳನ್ನು ಕೊಲ್ಲಿಸಿದ್ದನ್ನು ಏಳೆಂಟು ವರ್ಷದವರಿಗೆ ವಿವರಿಸಬೇಡಿ. ಒಬ್ಬ ಕೆಟ್ಟ ಅರಸನಿಗೆ ಹೆದರಿ ರಾತ್ರೋರಾತ್ರಿ ಬೇರೆ ದೇಶಕ್ಕೆ ಓಡಿಹೋಗಬೇಕಾಯಿತು ಎಂದರೆ ಸಾಕು. ತಮ್ಮ ತಂಗಿಯರ ವಿಷಯದಲ್ಲಿ ಪ್ರಾಟೆಸ್ಟಂಟರು ಮರಿಯಳ ಮಕ್ಕಳೆನ್ನುತ್ತಾರೆ, ಕ್ಯಾಥೊಲಿಕರು ಹತ್ತಿರದ ಬಂಧುಗಳೆನ್ನುತ್ತಾರೆ. ಎರಡೂ ಕಡೆಯ ಮಕ್ಕಳು ನಿಮ್ಮಲ್ಲಿ ಬರುತ್ತಿದ್ದರೆ, ಆತ ಒಂಟಿಯಾಗಿ ಬೆಳೆಯಲಿಲ್ಲ ಎಂದಷ್ಟೇ ಹೇಳಿ ಮುಂದೆ ಸಾಗಿ. ಯೋಸೇಫನು ಈ ಯೆರೂಸಲೇಮಿನ ಪ್ರಯಾಣದ ನಂತರ ಸುವಾರ್ತೆಗಳಲ್ಲಿ ಮತ್ತೆ ಕಾಣಿಸಿಕೊಳ್ಳುವುದಿಲ್ಲ. ಯೇಸು ಬೋಧನೆಗೆ ಹೊರಡುವಷ್ಟರಲ್ಲಿ ತೀರಿಕೊಂಡಿರಬೇಕೆಂದು ಬಹಳ ಜನ ತಿಳಿಯುತ್ತಾರೆ. ಅಪ್ಪನಿಲ್ಲದ ಮಗು ನಿಮ್ಮ ತರಗತಿಯಲ್ಲಿದ್ದರೆ, ಇದನ್ನು ಎಲ್ಲರ ಮುಂದೆ ಎತ್ತದೆ ಅದರ ಪಕ್ಕ ಕುಳಿತಾಗ ಹೇಳಿ.

ನಾಟಕಕ್ಕೆ ದೇವಾಲಯದ ದೃಶ್ಯವನ್ನೇ ಎಲ್ಲರೂ ಆರಿಸುತ್ತಾರೆ. ನೀವು ಅದಕ್ಕಿಂತ ಮೊದಲಿನ ಒಂದು ರಾತ್ರಿಯಿಂದ ಶುರು ಮಾಡಿ. ಮೊದಲ ದಿನದ ನಡಿಗೆ ಮುಗಿದು ಜನ ಬುತ್ತಿ ಬಿಚ್ಚುತ್ತಿದ್ದಾರೆ, ಮರಿಯಳು ಒಂದೊಂದು ಗುಂಪಿನ ಬಳಿ ಹೋಗಿ ವಿಚಾರಿಸುತ್ತಿದ್ದಾಳೆ. ಹತ್ತು ಹನ್ನೆರಡು ಮಕ್ಕಳಿಗೆ ಪಾತ್ರ ಸಿಗುತ್ತದೆ, ಪರದೆ, ಕಿರೀಟ, ಖರ್ಚು ಏನೂ ಬೇಡ. ಬೋಧಕರ ದೃಶ್ಯದಲ್ಲಿ ಮಕ್ಕಳು ಚೀಟಿಯಲ್ಲಿ ಬರೆದ ಪ್ರಶ್ನೆಗಳಲ್ಲಿ ಎರಡು ಮೂರನ್ನು ಯೇಸುವಿನ ಬಾಯಲ್ಲಿ ಹಾಕಿ. ತಲೆಯ ಹಿಂದೆ ಜರಿಯ ಪ್ರಭಾವಳಿ ಕಟ್ಟಬೇಡಿ, ಟೋಪನ್ನೂ ಹಾಕಬೇಡಿ; ನಿಮ್ಮ ಹುಡುಗರ ಕೂದಲೇ ಸರಿಯಾಗಿದೆ. ಉಳಿದ ಸಂಭಾಷಣೆಯನ್ನು ನೀವು ಬರೆದುಕೊಡಿ, ಮರಿಯಳು ಗದರುವ ಮಾತನ್ನು ಮಾತ್ರ ಮಕ್ಕಳಿಂದಲೇ ಬರೆಸಿ. ಆ ವಿಷಯದಲ್ಲಿ ಅವರ ಅನುಭವ ನಿಮ್ಮದಕ್ಕಿಂತ ತಾಜಾ.